ರೂವಾರಿಗಳ ನಾಡಿನಲ್ಲಿ ಎರಡು ದಿನ

ಅಕ್ಕನ ಮಗಳು ಈ ವರ್ಷ ಶಾಲೆಯ ರಸಪ್ರಶ್ನೆ ತಂಡಕ್ಕೆ ಆಯ್ಕೆಯಾಗಿದ್ದಾಳೆ. ನುಡಿಗಟ್ಟು, ಇತಿಹಾಸ, ಸ್ಮಾರಕ, ಏಷ್ಯಾದ ಅಡುಗೆ ಎಂದು ವಿಭಾಗ ಮಾಡಿಕೊಂಡು ಒಂದು ನೋಟ್‌ಬುಕ್ಕನ್ನೇ ತುಂಬಿಸಿಟ್ಟಿದ್ದಳು. ಉತ್ತರಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವು ಇರುವಲ್ಲಿಗೇ ಹೋಗಿ ನೋಡುವುದು ಮೇಲೆಂದು ಅವಳನ್ನು ಒಪ್ಪಿಸಿ, ಶ್ರಾವಣದ ಒಂದು ಶನಿವಾರ ಬೆಳಗ್ಗೆ ಜಿಟಿಜಿಟಿ ಮಳೆಯಲ್ಲಿಯೇ ಹಾಸನದಿಂದ ಕರೆದುಕೊಂಡು ಹೊರಟೆ.

ಮೊದಲು ಹಳೇಬೀಡು. "ಹೆಸರಿನಲ್ಲಿರುವ ಬೀಡು ಯಾವುದು ಮಾವ?" ಎಂದು ಅವಳು ಕೇಳಿದಳು. 'ಬೀಡು ಬಿಟ್ಟರು' ಎನ್ನುವಾಗ ಬರುವ ಬೀಡೇ ಇದು, ಅಂದರೆ ಸೇನೆ ತಂಗುವ ಜಾಗ, ಅರಸನ ನೆಲೆ. ಹೊಯ್ಸಳರ ಕಾಲದಲ್ಲಿ ಇದು ದೋರಸಮುದ್ರ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು, ಅನಂತರ ತುಘಲಕ್ ಸೇನೆಯೂ ಬಂದಿತು. ರಾಜಧಾನಿಯ ಕಳೆ ಹೋದ ಮೇಲೆ ಊರು ಹಳೆಯ ಬೀಡಾಗಿ ಉಳಿಯಿತು.

ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಆನೆ, ಸಿಂಹ, ಕುದುರೆಗಳ ಸಾಲುಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ, ನಾವೂ ನಿಂತೆವು. ಆದರೆ ನಾನು ಅವಳಿಗೆ ತೋರಿಸಬೇಕೆಂದು ಬಂದದ್ದು ಆವರಣದಲ್ಲಿರುವ ಗರುಡಗಂಬವನ್ನು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನು ಒಡೆಯನ ಜೊತೆಗೇ ಪ್ರಾಣ ಬಿಡುವುದಾಗಿ ಭಾಷೆ ಕೊಟ್ಟು, ಸುಮಾರು 1220ರಲ್ಲಿ ಅದನ್ನು ನಡೆಸಿಕೊಟ್ಟನು. ಅವನ ಹೆಂಡತಿ ಸುಗ್ಗಲದೇವಿಯೂ ಬೆಂಬಲಿಗ ಭಟರೂ ಅವನ ಹಾದಿಯನ್ನೇ ಹಿಡಿದರು. ಇಂಥ ಪಣ ತೊಟ್ಟ ಅಂಗರಕ್ಷಕರನ್ನು ಗರುಡರೆಂದು ಕರೆಯುತ್ತಿದ್ದರು. ಮಳೆಯಲ್ಲಿ ತೊಯ್ದು ಕಪ್ಪಾಗಿದ್ದ ಕಂಬದ ಮೇಲೆ, ಕೈಯಲ್ಲಿ ಕತ್ತಿ ಹಿಡಿದು ತಮ್ಮ ಕೊರಳನ್ನು ತಾವೇ ಕೊಯ್ದುಕೊಳ್ಳುತ್ತಿರುವ ಸಣ್ಣ ಸಣ್ಣ ಆಕೃತಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. 'ಅವನ ಸಾಲಕ್ಕೆ ನಾನೇಕೆ ತಲೆ ಕೊಡಲಿ' ಎಂದು ನಾವು ಸಲೀಸಾಗಿ ಆಡುತ್ತೇವೆ, ಇಲ್ಲಿ ಆ ತಲೆ ಕೊಡುವುದು ಅಕ್ಷರಶಃ ನಡೆದಿದೆ. ನಾವು ಉಪ್ಪಿನ ಋಣ ಎನ್ನುವುದನ್ನು ಹಳಗನ್ನಡದವರು ಜೋಳದ ಪಾಳಿ ಎಂದರು. ಉಂಡ ಕಾಳಿಗೆ ಇಷ್ಟು ದೊಡ್ಡ ಬೆಲೆ ತೆರಬೇಕಿತ್ತೇ ಎಂದು ಅವಳು ಕೇಳಿದಳು. ತೆರಬಾರದಿತ್ತು ಎಂದೇ ನನ್ನ ಅಭಿಪ್ರಾಯ, ಹಾಗೆಯೇ ಹೇಳಿದೆ.

ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರ್. ಹಳೇಬೀಡನ್ನು ಹೊರಗೆ ನೋಡು, ಬೇಲೂರನ್ನು ಒಳಗೆ ನೋಡು ಎಂಬ ಮಾತಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಒಳಗಿನ ಕಂಬಗಳನ್ನು ಮುಟ್ಟಿದಂತೆ ನೋಡಿದರೆ ಆ ಮಾತು ನಿಜವೆನ್ನಿಸುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿಯಾಗುವುದರಿಂದಲೇ ಒಡವೆಯ ಒಂದೊಂದು ಎಳೆಯನ್ನೂ ಬಿಡಿಸಲು ಸಾಧ್ಯವಾಯಿತು. ಮದನಿಕೆಯರ ವಿಗ್ರಹಗಳಲ್ಲಿ ಕೆಲವನ್ನು ಮಾಡಿದವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ತಮ್ಮ ಹೆಸರನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಶಾಸನಗಳು ಶಿಲ್ಪಿಯನ್ನು ರೂವಾರಿ ಎನ್ನುತ್ತವೆ. ಈಗ ಪತ್ರಿಕೆಗಳಲ್ಲಿ 'ಈ ಯೋಜನೆಯ ರೂವಾರಿ' ಎಂದು ಮಂತ್ರಿಗಳಿಗೂ ಅಧಿಕಾರಿಗಳಿಗೂ ಬಳಸುವ ಪದವು ಮೊದಲು ಉಳಿ ಹಿಡಿದವನದಾಗಿತ್ತು. ನೋಟ್‌ಬುಕ್ಕಿನಲ್ಲಿ ಅವಳು ಈ ಪದಕ್ಕೆ ಎರಡು ಸಲ ಗೆರೆ ಎಳೆದಳು.

ಮಧ್ಯಾಹ್ನದ ಮೇಲೆ ಬೇಲೂರು ತಾಲೂಕಿನ ಹಲ್ಮಿಡಿಗೆ ಹೋದೆವು. ಊರಿನಲ್ಲಿರುವುದು ಹಲ್ಮಿಡಿ ಶಾಸನದ ಪ್ರತಿಕೃತಿ ಮಾತ್ರ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನವನ್ನು ಸುಮಾರು ಕ್ರಿ.ಶ. 450ರದೆಂದು ಎಣಿಸುತ್ತಾರೆ, ಇರುವುದು 16 ಸಾಲು. ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ವಿವರ ಅದರಲ್ಲಿದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿ ತೊಳೆದು ಕೊಡುವ ದತ್ತಿ. ಇಂಥ ಸುಂದರವಾದ ಪದವೊಂದು ನಮ್ಮ ಬಾಯಿಂದ ಜಾರಿಹೋಯಿತಲ್ಲ ಎಂದು ನನಗೆ ನಿಜವಾಗಿಯೂ ದುಃಖವಾಯಿತು.

ರಾತ್ರಿ ಚಿಕ್ಕಮಗಳೂರಿನ ಬಳಿ ಕಾಫಿ ತೋಟದೊಳಗಿನ ಮನೆಯೊಂದರಲ್ಲಿ ಉಳಿದೆವು. ಊಟಕ್ಕೆ ಅಕ್ಕಿ ರೊಟ್ಟಿ, ಕಡುಬು, ಕಳಲೆಯ ಪಲ್ಯ. ಜಪಾನಿನ ತಾಕೆನೋಕೊ ಎಂದರೇನು ಎಂಬುದು ಅವಳ ನೋಟ್‌ಬುಕ್ಕಿನ ಪ್ರಶ್ನೆಗಳಲ್ಲಿ ಒಂದು. ಉತ್ತರವು ತಟ್ಟೆಯಲ್ಲಿಯೇ ಇತ್ತು. ಎರಡೂ ಎಳೆ ಬಿದಿರಿನ ಮೊಳಕೆಯೇ. ಹಸಿಯಾಗಿ ತಿಂದರೆ ಸಯನೈಡ್ ಬಿಡುಗಡೆ ಮಾಡುವ ವಸ್ತು ಅದರಲ್ಲಿರುವುದರಿಂದ ಜಪಾನಿನವರು ಅಕ್ಕಿ ತೌಡಿನ ಜೊತೆ ಬೇಯಿಸಿ ಕಹಿ ತೆಗೆಯುತ್ತಾರೆ. "ನಾವು ಹೆಚ್ಚಿ ನೀರಲ್ಲಿ ಹಾಕಿ, ಮೂರು ದಿನ ದಿನಾ ನೀರು ಬದಲಿಸ್ತೀವಿ ಕಣಮ್ಮ, ಇಲ್ದಿದ್ರೆ ಕಹಿ ಬಿಡಲ್ಲ" ಎಂದು ಮನೆಯೊಡತಿ ಹೇಳುತ್ತಾ ಇನ್ನೊಂದು ರೊಟ್ಟಿ ಹಾಕಿದರು.

ಮರುದಿನ ಬಾಬಾ ಬುಡನ್‌ಗಿರಿಯ ಹಾದಿ ಮಂಜಿನಲ್ಲಿ ಮುಚ್ಚಿಹೋಗಿತ್ತು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರೆಂಬುದು ಇಲ್ಲಿನ ಐತಿಹ್ಯ. ಯೆಮೆನ್ ಏಷ್ಯಾದಲ್ಲಿಯೇ ಇರುವುದರಿಂದ ಕಾಫಿಯನ್ನೂ ತನ್ನ ಏಷ್ಯಾದ ಅಡುಗೆಯ ವಿಭಾಗಕ್ಕೆ ಸೇರಿಸಬಹುದೇ ಎಂದಳು. ಗಿಡದ ತವರು ಆಫ್ರಿಕಾದ ಇಥಿಯೋಪಿಯ ಎಂಬುದನ್ನೂ ಪಕ್ಕದಲ್ಲಿ ಬರೆದುಕೋ ಎಂದೆ. ಹಿಂದಿರುಗುವಾಗ ತೋಟದ ಮನೆಯ ಗೇಟಿನ ಬಳಿ ಮನೆಯೊಡತಿ ಕೊಡೆ ಹಿಡಿದು ಕಾಯುತ್ತಿದ್ದರು. ಕಳಲೆ ಉಪ್ಪಿನಕಾಯಿಯ ಬಾಟಲಿಯೊಂದನ್ನು ಅವಳ ಕೈಗಿಟ್ಟು, "ಅಮ್ಮಂಗೆ ಕೊಡು" ಎಂದರು.