ರಾಜನ ತಲೆ ಹೋದ ಮೇಲೂ ರಾಜ ಯಾಕೆ ಬಂದ?

1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ರಾಜ ಬೇಡ ಅಂತ ಅಷ್ಟೊಂದು ಕರಪತ್ರ ಬರೆದರು, ಕೊನೆಗೆ ಅವನ ತಲೆಯನ್ನೂ ಕಡಿದರು. ಹನ್ನೊಂದೇ ವರ್ಷಕ್ಕೆ ಮಗನನ್ನು ಕರೆತಂದು ಕೂರಿಸಿದರಲ್ಲ. ಬರೆದದ್ದೆಲ್ಲ ದಂಡವೇ?"

ಮೊದಲನೆಯದಾಗಿ, ಕರಪತ್ರಗಳೆಲ್ಲ ರಾಜತ್ವದ ವಿರುದ್ಧ ಇರಲಿಲ್ಲ. 1641ರಲ್ಲಿ ರಾಜನ ಕೈಯಲ್ಲಿದ್ದ ಸ್ಟಾರ್ ಚೇಂಬರ್ ಕೋರ್ಟು ರದ್ದಾಗಿ ಅಚ್ಚುಕೂಟಗಳ ಮೇಲಿನ ಹಿಡಿತ ಸಡಿಲವಾಯಿತು. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ ಇಪ್ಪತ್ತು ವರ್ಷದಲ್ಲಿ ಕೂಡಿಟ್ಟ ಕರಪತ್ರ, ಪತ್ರಿಕೆಗಳೇ 22,000ಕ್ಕೂ ಜಾಸ್ತಿ. (ಪುಣ್ಯಾತ್ಮ ಎಷ್ಟೋ ಪ್ರತಿಗಳ ಮೇಲೆ ತಾರೀಖನ್ನೂ ಬರೆದಿಟ್ಟಿದ್ದಾನೆ.) ಆದರೆ ಅವುಗಳಲ್ಲಿ ರಾಜ ಒಳ್ಳೆಯವನೇ, ಸುತ್ತ ಇರುವವರು ಸರಿಯಿಲ್ಲ ಅನ್ನುವುದೇ ಬಹಳ ಕಾಲ ನಡೆದ ಧಾಟಿ.

1649ರ ಜನವರಿ 30ರಂದು ಒಂದನೇ ಚಾರ್ಲ್ಸ್‌ನ ತಲೆ ಉರುಳಿತು. ಮರುತಿಂಗಳೇ ಕವಿ ಜಾನ್ ಮಿಲ್ಟನ್‌ನ ಕರಪತ್ರ ಬಂತು. ಅಧಿಕಾರ ಜನರದು, ರಾಜನಿಗೆ ಅದನ್ನು ನಂಬಿ ಒಪ್ಪಿಸಿದ್ದು ಅಷ್ಟೇ, ಕೆಟ್ಟರೆ ಕಿತ್ತುಕೊಳ್ಳಬಹುದು ಎಂಬುದು ಅದರ ವಾದ. ಗಟ್ಟಿ ವಾದವೇ. ಆದರೆ ಜನ ಮುಗಿಬಿದ್ದು ಕೊಂಡದ್ದು ಸತ್ತ ರಾಜನ ಹೆಸರಲ್ಲಿ ಬಂದ 'ಐಕಾನ್ ಬಸಿಲಿಕೆ' (ರಾಜನ ಚಿತ್ರ) ಎಂಬ ಪುಸ್ತಕವನ್ನು. ಅದರ ಚಿತ್ರದಲ್ಲಿ ಚಾರ್ಲ್ಸ್ ಮಂಡಿಯೂರಿದ್ದಾನೆ, ಕೈಯಲ್ಲಿ ಮುಳ್ಳಿನ ಕಿರೀಟ. ಒಳಗೆಲ್ಲ ಪ್ರಾರ್ಥನೆ, ನೋವು. ಒಂದೇ ವರ್ಷದಲ್ಲಿ ಸುಮಾರು 35 ಮುದ್ರಣ ಕಂಡಿತು! ರಾಜನಿಲ್ಲದ ಹೊಸ ಗಣರಾಜ್ಯ ಸರ್ಕಾರದ ಪರವಾಗಿ ಮಿಲ್ಟನ್ ಇದಕ್ಕೂ ಉತ್ತರ ಬರೆದ. ಅದರಲ್ಲಿ ರಾಜನ ಪುಸ್ತಕಕ್ಕೆ ಮರುಳಾದ ಜನರನ್ನು ವಿಗ್ರಹಕ್ಕೆ ಮನಸೋತ ವಿವೇಕವಿಲ್ಲದ ಗುಂಪು ಎಂದು ಜರಿದ.

ನನ್ನ ಉತ್ತರ ಇಲ್ಲೇ ಇದೆ. ಅಧಿಕಾರ ಜನರದು ಎಂದವರಿಗೆ ಜನರ ಮೇಲೇ ನಂಬಿಕೆ ಇರಲಿಲ್ಲ. ನಂಬಿಕೆ ಇದ್ದವರು ಲೆವೆಲರ್‌ಗಳು. ಹೆಚ್ಚು ಜನರಿಗೆ ಮತ ಕೊಡಿ ಎಂದು ಕೇಳುತ್ತಿದ್ದವರು. ಅವರ ನಾಯಕ ಜಾನ್ ಲಿಲ್ಬರ್ನ್ ಹೊಸ ಸರ್ಕಾರವನ್ನು ಟೀಕಿಸಿ ಬರೆದ. ರಾಜ ಸತ್ತು ಎರಡು ತಿಂಗಳಾಗುವಷ್ಟರಲ್ಲಿ ಅವನನ್ನು ಹಿಡಿದು ಲಂಡನ್ನಿನ ಟವರ್ ಸೆರೆಮನೆಗೆ ತಳ್ಳಿದರು. ಅಕ್ಟೋಬರಿನಲ್ಲಿ ಜ್ಯೂರಿ ಅವನನ್ನು ನಿರಪರಾಧಿ ಎಂದಾಗ ಲಂಡನ್ ಜನ ಬೀದಿಯಲ್ಲಿ ಬೆಂಕಿ ಹಾಕಿ ಕುಣಿದಾಡಿದರು. ಗಣರಾಜ್ಯಕ್ಕೆ ಬೇಕಿದ್ದ ಜನ ಅವರೇ ಅಲ್ವಾ? 1660ರಲ್ಲಿ ರಾಜ ಇನ್ನೇನು ಬರುತ್ತಾನೆ ಎನ್ನುವಾಗಲೂ ಮಿಲ್ಟನ್ ಕೇಳಿದ್ದು ಸದಸ್ಯರು ಬದಲಾಗದ ಕಾಯಂ ಸಭೆಯನ್ನು! ಮೇ 29ಕ್ಕೆ ಎರಡನೇ ಚಾರ್ಲ್ಸ್ ಲಂಡನ್ನಿಗೆ ಬಂದ. ಮಿಲ್ಟನ್‌ನ ಪುಸ್ತಕಗಳನ್ನು ಸುಟ್ಟರು.

ದಂಡ ಅನ್ನಲಾರೆ. ವಾದ ಉಳಿಯಿತು, ಊರು ಬದಲಾಯಿತು. 1776ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಂಗ್ಲೆಂಡಿನವನೇ ಆದ ಥಾಮಸ್ ಪೇನ್ ಅದನ್ನು ಸಾಮಾನ್ಯರ ಮಾತಲ್ಲಿ ಬರೆದ. ಇಂಗ್ಲಿಷ್ ರಾಜವಂಶದ ಮೂಲಪುರುಷ ವಿಲಿಯಂ ದರೋಡೆಕೋರರ ದಂಡು ಕಟ್ಟಿಕೊಂಡು ಬಂದ ಫ್ರೆಂಚ್ ಹಾದರದ ಕೂಸು ಎಂದು ಗೇಲಿ ಮಾಡಿದ. ಅಮೆರಿಕ ಓದಿತು. ಮುಂದೆ ಪೇನ್ ಇಂಗ್ಲೆಂಡಿಗೆ ಮರಳಿ ಅದೇ ಧಾಟಿಯಲ್ಲಿ ಬರೆದಾಗ, 1792ರಲ್ಲಿ ಅಲ್ಲಿನ ಕೋರ್ಟು ಅವನನ್ನು ಅಪರಾಧಿ ಎಂದಿತು. ಅಷ್ಟರಲ್ಲಿ ಅವನು ಫ್ರಾನ್ಸ್ ಸೇರಿಯಾಗಿತ್ತು.