ಪಾಲಕ್ ಎಲೆ ಮತ್ತು ಯುವಿ: ತಾರಸಿ ಪ್ರಯೋಗದ ಎರಡನೇ ವರದಿ

ಫೆಬ್ರವರಿ

ಬಿಸಿಲಿನ ಯುವಿ, ಅಂದರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಪಾಲಕ್ ಎಲೆ ಹೇಗೆ ತಾಳಿಕೊಳ್ಳುತ್ತದೆ ಎಂದು ನೋಡಲು ಕುಂಡಗಳನ್ನು ಎರಡು ಗುಂಪು ಮಾಡಿದ್ದೇನೆ. ಒಂದರ ಮೇಲೆ ತೆಳು ಪಾಲಿಥೀನ್ ಹಾಳೆ, ಇನ್ನೊಂದರ ಮೇಲೆ ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಬಳಸುವ ಓಎಚ್‌ಪಿ ಶೀಟ್. ಕಣ್ಣಿಗೆ ಎರಡೂ ಒಂದೇ ಥರ ಪಾರದರ್ಶಕ. ಆದರೆ ನನ್ನ ಓಎಚ್‌ಪಿ ಶೀಟ್ ಪಾಲಿಯೆಸ್ಟರ್‌ನದು. ಸುಮಾರು 315 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು ಅದನ್ನು ದಾಟುವುದಿಲ್ಲ, ಅಂದರೆ ಬಿಸಿಲಿನ ಯುವಿಯಲ್ಲಿ ಹೆಚ್ಚು ಹಾನಿ ಮಾಡುವ ಯುವಿ-ಬಿ ಭಾಗ ಪೂರ್ತಿ ಹೊರಗೇ ಉಳಿಯುತ್ತದೆ. ಸಾದಾ ಪಾಲಿಥೀನ್ ಅದನ್ನು ಬಹುಪಾಲು ಒಳಗೆ ಬಿಡುತ್ತದೆ. ಕೆಲವು ನರ್ಸರಿ ಹಾಳೆಗಳಿಗೆ ಯುವಿ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ, ಅವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಯುವಿ ದೀಪವನ್ನೇ ತರಬಹುದಿತ್ತು ಅಲ್ವಾ ಎಂದು ಗೆಳೆಯರು ಕೇಳಿದರು. ನನಗೆ ಅದು ಬೇಡ. ನೀರಿನ ಫಿಲ್ಟರ್‌ನ ಟ್ಯೂಬ್ 254 ನ್ಯಾನೋಮೀಟರ್‌ನ ಯುವಿ-ಸಿ, ಅಂದರೆ ಯುವಿ-ಬಿಗಿಂತಲೂ ಕಡಿಮೆ ತರಂಗಾಂತರದ ಯುವಿ ಬಿಡುತ್ತದೆ. ಸೂರ್ಯನ ಯುವಿ-ಸಿ ನೆಲ ಮುಟ್ಟುವುದೇ ಇಲ್ಲ, ಮೇಲಿನ ಗಾಳಿ ಮತ್ತು ಓಜೋನ್ ಅದನ್ನು ಹೀರಿಬಿಡುತ್ತವೆ. ಕಣ್ಣಿಗೂ ಚರ್ಮಕ್ಕೂ ಅದು ಅಪಾಯ. ಯುವಿ-ಬಿ ದೀಪದ ತೊಂದರೆ ಬೇರೆ. ಕೋಣೆಯೊಳಗೆ ಯುವಿ ಜಾಸ್ತಿ, ಮಾಮೂಲಿ ಬೆಳಕು ಕಡಿಮೆ. ಯುವಿಯಿಂದ ಕೆಟ್ಟ ಡಿಎನ್‌ಎಯನ್ನು ಸರಿಪಡಿಸುವ ಫೋಟೋಲೈಯೇಸ್ ಕಿಣ್ವ ಕೆಲಸ ಮಾಡಲು ನೀಲಿ ಬೆಳಕೋ ಯುವಿ-ಎಯೋ (ಯುವಿ-ಬಿಗಿಂತ ಹೆಚ್ಚು ತರಂಗಾಂತರದ ಯುವಿ) ಬೇಕು. ಅದು ಸಾಕಷ್ಟು ಸಿಗದಿದ್ದರೆ ಹಾನಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬಿಸಿಲಿನಲ್ಲಿ ಎಲೆ ಹೇಗೆ ಬದುಕುತ್ತದೆ ಎಂಬುದೇ ನನ್ನ ಪ್ರಶ್ನೆ. ಅದಕ್ಕೆ ಬಿಸಿಲೇ ಬೇಕು.

ಮಾರ್ಚ್

ಮೊದಲ ಹೋಲಿಕೆಗೆ ಎಲೆಯ ಬಿಲ್ಲೆಗಳನ್ನು ತೇಲಿಸುವ ಪರೀಕ್ಷೆ. ಪಂಚಿಂಗ್ ಮಷಿನ್‌ನಿಂದ ಎಲೆಯಲ್ಲಿ ಬಿಲ್ಲೆ ಕತ್ತರಿಸಬೇಕು. ಅಡುಗೆ ಸೋಡಾ ಕರಗಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಿಲ್ಲೆಗಳ ಜೊತೆ ಸಿರಿಂಜ್‌ಗೆ ತುಂಬಬೇಕು. ಬಾಯಿಯನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಎಳೆದರೆ ಎಲೆಯೊಳಗಿನ ಗಾಳಿ ಹೊರಬಂದು ಬಿಲ್ಲೆ ಮುಳುಗುತ್ತದೆ. ಬೆಳಕಿಗೆ ಇಟ್ಟರೆ ದ್ಯುತಿಸಂಶ್ಲೇಷಣೆ ನಡೆದು, ಆಮ್ಲಜನಕ ತುಂಬಿಕೊಂಡು ಮೇಲೆ ಬರುತ್ತದೆ. ಅರ್ಧದಷ್ಟು ಬಿಲ್ಲೆ ತೇಲಲು ಹಿಡಿದ ಸಮಯವನ್ನು ಬರೆದುಕೊಂಡರೆ ಸಾಕು.

ಹೊದಿಕೆಯಡಿಯಿಂದ ನೇರವಾಗಿ ತಂದ ಎಲೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ಗುಂಪನ್ನು ಮಧ್ಯಾಹ್ನದ ಬಯಲು ಬಿಸಿಲಿಗೆ ಇಟ್ಟು ತಂದಾಗ ಮಾತ್ರ ಓಎಚ್‌ಪಿ ಗುಂಪು ಹಿಂದೆ ಬಿತ್ತು. ಆ ಎಲೆಗಳು ಅಗಲವಾಗಿ, ತೆಳ್ಳಗೆ, ನೋಡಲು ಚೆನ್ನಾಗಿಯೇ ಇದ್ದವು!

ಕಾರಣ ಹುಡುಕಬೇಕಾದ್ದು ಫೋಟೋಸಿಸ್ಟಮ್-2ರಲ್ಲಿ, ಅಂದರೆ ಎಲೆಯಲ್ಲಿ ಬೆಳಕು ಹಿಡಿಯುವ ಪ್ರೋಟೀನ್ ಗುಂಪಿನಲ್ಲಿ ಅನ್ನಿಸುತ್ತದೆ. ನೀರನ್ನು ಒಡೆದು ಆಮ್ಲಜನಕ ಬಿಡುವ ಮ್ಯಾಂಗನೀಸ್ ಗುಚ್ಛ ಇರುವುದು ಅಲ್ಲೇ, ಯುವಿ ಪೆಟ್ಟು ಬೀಳುವುದೂ ಅಲ್ಲೇ. ಅಲ್ಲಿನ ಡಿ1 ಪ್ರೋಟೀನ್ ಕೆಡುತ್ತಲೇ ಇರುತ್ತದೆ, ಎಲೆ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಕೆಡುವ ವೇಗ ಹೆಚ್ಚಾದರೆ ಆಮ್ಲಜನಕ ಕಡಿಮೆ, ಬಿಲ್ಲೆ ನಿಧಾನ.

ಬಿಸಿಲಿನಲ್ಲೇ ಬೆಳೆದ ಎಲೆ ಇದಕ್ಕೆ ಮೊದಲೇ ಸಿದ್ಧವಾಗಿರುತ್ತದೆ. ಯುವಿಆರ್8 ಎಂಬ ಪ್ರೋಟೀನ್ ಯುವಿ-ಬಿಯನ್ನು ಗುರುತಿಸುತ್ತದೆ, ಇದನ್ನು ವಿಜ್ಞಾನಿಗಳು ತೋರಿಸಿಕೊಟ್ಟದ್ದು 2011ರಲ್ಲಿ. ಜೋಡಿಯಾಗಿದ್ದ ಯುವಿಆರ್8 ಬೆಳಕು ತಾಗಿದ ಕೂಡಲೇ ಬೇರೆಬೇರೆಯಾಗುತ್ತದೆ. ಆ ಸುಳಿವಿನಿಂದ ಎಲೆಯ ಹೊರಪದರದಲ್ಲಿ ಫ್ಲೇವನಾಯ್ಡ್‌ಗಳು ಎಂಬ ಸಸ್ಯ ರಾಸಾಯನಿಕಗಳು ತುಂಬಿಕೊಳ್ಳುತ್ತವೆ. ಅವು ಯುವಿಯನ್ನು ಹೀರುತ್ತವೆ, ದ್ಯುತಿಸಂಶ್ಲೇಷಣೆಗೆ ಬೇಕಾದ ಬೆಳಕನ್ನು ಒಳಗೆ ಬಿಡುತ್ತವೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡು ನಾವು ಸುಮ್ನೆ ಕಿತ್ತು ಸಾರಿಗೆ ಹಾಕುವ ಸೊಪ್ಪಿನಲ್ಲಿದೆ!

ಏಪ್ರಿಲ್

ಈ ತಿಂಗಳು ನನಗೆ ತುಂಬಾ ಖುಷಿ ಕೊಟ್ಟದ್ದು ಟಾರ್ಚ್ ಪರೀಕ್ಷೆ. 365 ನ್ಯಾನೋಮೀಟರ್ ಟಾರ್ಚನ್ನು ಕತ್ತಲಲ್ಲಿ ಎಲೆಗೆ ಹಿಡಿದರೆ, ಒಳಗಿನ ಕ್ಲೋರೋಫಿಲ್ ಮಂಕಾಗಿ ಕೆಂಪಗೆ ಹೊಳೆಯುತ್ತದೆ. ಹೊರಪದರ ಯುವಿಯನ್ನು ತಡೆದಷ್ಟೂ ಹೊಳಪು ಕಡಿಮೆ. ಫೋನ್ ಕ್ಯಾಮೆರಾ ಮುಂದೆ ಕೆಂಪು ಜಿಲೇಟಿನ್ ಹಾಳೆ, ಎಕ್ಸ್‌ಪೋಷರ್ ಲಾಕ್. ಅದೇ ಎಲೆಗೆ ನೀಲಿ ಎಲ್‌ಇಡಿ ಹಿಡಿದು ಇನ್ನೊಂದು ಫೋಟೋ. ಫ್ಲೇವನಾಯ್ಡ್ ನೀಲಿ ಬೆಳಕನ್ನು ಅಷ್ಟಾಗಿ ತಡೆಯದ ಕಾರಣ, ಎರಡರ ಅನುಪಾತ ಲೆಕ್ಕ ಹಾಕಿದರೆ ಕ್ಲೋರೋಫಿಲ್ ಹೆಚ್ಚುಕಡಿಮೆ ಇರುವ ಎಲೆಗಳನ್ನೂ ಹೋಲಿಸಬಹುದು. ಓಎಚ್‌ಪಿ ಗುಂಪಿನ ಎಲೆಗಳು ಎದ್ದು ಕಾಣುವಷ್ಟು ಕೆಂಪಾಗಿ ಹೊಳೆದವು. ಬಿಲ್ಲೆ ಪರೀಕ್ಷೆಯ ಜೊತೆ ಇದು ಹೊಂದುತ್ತದೆ.

ಆದರೂ ಬಯಲು ಬಿಸಿಲಿನಲ್ಲಿ ಹೆಚ್ಚುವುದು ಯುವಿ ಮಾತ್ರ ಅಲ್ಲ, ಮಾಮೂಲಿ ಬೆಳಕು ಮತ್ತು ಶಾಖವೂ ಹೆಚ್ಚುತ್ತವೆ. ತೆಳ್ಳಗಿನ ಎಲೆ ಅದಕ್ಕೇ ಸೋತಿರಬಹುದು. ಇದನ್ನು ಬಿಡಿಸಲು ಮುಂದಿನ ಸುತ್ತಿನಲ್ಲಿ ಹೊದಿಕೆ ಅದಲುಬದಲು ಮಾಡುತ್ತೇನೆ. ಓಎಚ್‌ಪಿ ಅಡಿ ಬೆಳೆದ ಅರ್ಧ ಕುಂಡಗಳು ಪಾಲಿಥೀನ್ ಅಡಿಗೆ ಹೋಗುತ್ತವೆ, ಉಳಿದವು ಅಲ್ಲೇ ಇರುತ್ತವೆ. ಎರಡೂ ಕಡೆ ಥರ್ಮಾಮೀಟರ್ ಇರುತ್ತದೆ. ಕುಂಡ ಬದಲಿಸಿದ ಮೇಲೆ ದಿನಾ ಸಂಜೆ ಟಾರ್ಚ್ ಫೋಟೋ ತೆಗೆದರೆ, ಎಲೆ ತನ್ನ ರಕ್ಷಣೆ ಕಟ್ಟಿಕೊಳ್ಳಲು ಎಷ್ಟು ದಿನ ಬೇಕು ಎಂಬುದೂ ತಿಳಿಯುತ್ತದೆ.