ತೊಟ್ಟಿನ ರಾಶಿಯ ಪಕ್ಕ ಯಾವ ಚಿತ್ರ?

ಹುಬ್ಬಳ್ಳಿಯಲ್ಲಿ ನನ್ನದು ಫ್ರೇಮ್ ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೊ, ನಿವೃತ್ತರ ಮಾನಪತ್ರ, ತೀರಿಕೊಂಡವರ ಭಾವಚಿತ್ರ, ಹೊಟ್ಟೆ ತುಂಬಿಸುವುದು ಇವೇ. ಆದರೆ ಧಾರವಾಡದಲ್ಲಿ ಕಲಾವಿದರ ಗುಂಪು ಪ್ರದರ್ಶನ ಇದೆ ಅಂದರೆ ಹಿಂದಿನ ದಿನ ಅಂಗಡಿಯನ್ನು ಹುಡುಗನಿಗೆ ಬಿಟ್ಟು, ಡ್ರಿಲ್ಲು, ಲೆವೆಲ್ಲು, ತಂತಿಯ ಉಂಡೆ ಹಿಡಿದುಕೊಂಡು ಚಿತ್ರ ತೂಗುಹಾಕಲು ಹೊರಟುಬಿಡುತ್ತೇನೆ. ಯಾವ ಚಿತ್ರದ ಪಕ್ಕ ಯಾವುದು ಅಂತ ಜಗಳ ನಡೆಯುವುದು ಅವತ್ತು. ಉದ್ಘಾಟನೆಗೆ ಬಂದವರಿಗೆ ಅದು ಕಾಣುವುದೇ ಇಲ್ಲ.

ಈ ಸಲದ್ದು ಆಷಾಢದಲ್ಲಿ ಬಂತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ನಿಲ್ಲುವುದೂ ಇಲ್ಲ, ಜೋರಾಗುವುದೂ ಇಲ್ಲ. ಥಂಡಿಗೆ ಒಂದೆರಡು ಕ್ಯಾನ್ವಾಸು ಸಡಿಲಾಗಿ ಹೊಟ್ಟೆ ಬಿಟ್ಟಿದ್ದವು. ಹಿಂದಿನ ಮೂಲೆಗಳಲ್ಲಿ ಕಟ್ಟಿಗೆಯ ಬೆಣೆ ಇರುತ್ತವೆ; ಅವನ್ನು ಸಣ್ಣ ಸುತ್ತಿಗೆಯಿಂದ ಹಗುರಕ್ಕೆ ಬಡಿದರೆ ಬಟ್ಟೆ ಮತ್ತೆ ಬಿಗಿಯಾಗುತ್ತದೆ. ಜೋರಾಗಿ ಬಡಿದರೆ ಬಣ್ಣ ಬಿರುಕು ಬಿಡುತ್ತದೆ, ಆಮೇಲೆ ಕಲಾವಿದನ ಮುಖ ನೋಡುವುದು ಕಷ್ಟ.

ಚಿತ್ರದ ನಡುಮಧ್ಯ ನೆಲದಿಂದ 57 ಇಂಚಿಗೆ ಬರಬೇಕು. ನೋಡುವವರ ಕಣ್ಣಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚಿತ್ರದ ಅರ್ಧ ಎತ್ತರಕ್ಕೆ 57 ಕೂಡಿಸಿ, ತಂತಿ ಜಗ್ಗಿ ಹಿಡಿದಾಗ ಮೇಲಂಚಿನಿಂದ ಎಷ್ಟು ಕೆಳಗೆ ನಿಲ್ಲುತ್ತದೋ ಅಷ್ಟು ಕಳೆದರೆ ಮೊಳೆಯ ಜಾಗ ಸಿಗುತ್ತದೆ. ಲೆಕ್ಕ ಇಷ್ಟೇ. ಆಮೇಲಿನದ್ದೆಲ್ಲ ಜಗಳ.

ಮೊದಲ ಜಗಳ ಹಿರಿಯ ಸರ್ ಜೊತೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ತೆರೆದ ಕಲಾಶಾಲೆಯಲ್ಲಿ ಕಲಿತವರು ಅವರು. ಕಾರವಾರದ ಸಮುದ್ರದ ಜಲವರ್ಣ ತಂದಿದ್ದರು. ಬಾಗಿಲ ಎದುರು, ಕಿಟಕಿಯ ಪಕ್ಕದ ಗೋಡೆ ಬೇಕು ಅಂದರು. ನಾನು ಒಲ್ಲೆ ಅಂದೆ. ಕಾಗದದ ಮೇಲಿನ ಬಣ್ಣಕ್ಕೆ ಬೆಳಕೇ ವೈರಿ. ಮ್ಯೂಸಿಯಮ್ಮುಗಳಲ್ಲಿ ಜಲವರ್ಣದ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ತೈಲವರ್ಣ ಅದರ ಮೂರ್ನಾಲ್ಕು ಪಟ್ಟು ತಾಳುತ್ತದೆ.

"ಅಂದ್ರ ನನ್ನ ಮೂಲ್ಯಾಗ ಕುಂದರಸ್ತಿ?" ಅಂದರು.

"ನಿಮ್ಮನ್ನಲ್ರಿ ಸರ್, ಚಿತ್ರಾನ."

ನಗಲಿಲ್ಲ. ಒಳಗಿನ ಮಬ್ಬು ಗೋಡೆಗೆ ಹಾಕಿದೆ. ಸಂಜೆಯವರೆಗೆ ನನ್ನೊಂದಿಗೆ ಮಾತಿಲ್ಲ.

ಎರಡನೆಯದು ಬ್ಯಾಡಗಿ ಕಡೆಯ ಹುಡುಗಿಯ ಕೆಲಸ. ಫ್ರೇಮೂ ಇಲ್ಲ, ಮೊಳೆಯೂ ಇಲ್ಲ. ಚೀಲಗಟ್ಟಲೆ ಒಣಮೆಣಸಿನಕಾಯಿಯ ತೊಟ್ಟು ತಂದು ಪ್ರದರ್ಶನದ ಹಾಲ್ ನಡುವೆ ರಾಶಿ ಸುರುವಿದಳು. ಕಾಯಿ ಒಂದೂ ಇಲ್ಲ, ಬರೀ ತೊಟ್ಟು. ನನ್ನಂಥವನಿಗೆ ಇದೇನು ಕಲೆ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಅಲ್ಲೇ ಮಂಡಿಯೂರಿ ಕೂತು ನೋಡಿದೆ. ಒಂದೊಂದು ತೊಟ್ಟಿನ ತುದಿಗೂ ಪುಟ್ಟ ಟೋಪಿಯಂಥ ಬುಡ, ಕೆಲವಕ್ಕೆ ಕೆಂಪು ಸಿಪ್ಪೆಯ ಚೂರು ಅಂಟಿಕೊಂಡಿದೆ. ಒಂದೊಂದನ್ನೂ ಯಾರೋ ಕೈಯಿಂದ ಮುರಿದಿದ್ದಾರೆ. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವುದು ಹೆಂಗಸರ ಕೆಲಸ, ಕಿಲೋ ಲೆಕ್ಕದ ಕೂಲಿ.

"ಅಣ್ಣಾರ, ನಮ್ಮ ಕಾಯಿ ಬಣ್ಣ ಲಿಪ್‌ಸ್ಟಿಕ್ಕಿಗೆ ಹೋಗತೈತಿ. ತೊಟ್ಟು ಇಲ್ಲೇ ಉಳೀತೈತಿ" ಅಂದಳು. ನಿಜ. ಖಾರ ಕಡಿಮೆ, ಬಣ್ಣ ಗಾಢ ಅಂತಲೇ ಬ್ಯಾಡಗಿ ಕಾಯಿಗೆ ಹೆಸರು. ಅದರ ಸಾರ ತೆಗೆದು ಉಗುರುಬಣ್ಣಕ್ಕೂ ಬಳಸುತ್ತಾರೆ.

ತೊಂದರೆ ಇದ್ದದ್ದು ರಾಶಿಯ ಹಿಂದಿನ ಗೋಡೆಯಲ್ಲಿ. ಅಲ್ಲಿ ಆಗಲೇ ಒಬ್ಬರ ದೊಡ್ಡ ಕೆಂಪು ಅಮೂರ್ತ ಚಿತ್ರ ಏರಿತ್ತು. ಪಾಪ, ಅದು ತನ್ನ ಪಾಡಿಗೆ ಒಳ್ಳೆಯ ಚಿತ್ರವೇ. ಆದರೆ ತೊಟ್ಟು ಕೆಳಗೆ ಬಂದ ಕೂಡಲೇ ಮೆಣಸಿನಪುಡಿ ಕಂಪನಿಯ ಜಾಹೀರಾತಾಗಿಬಿಟ್ಟಿತು. ಇಳಿಸಿದೆ. ಗದಗಿನ ಕಲಾವಿದರೊಬ್ಬರು ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡವನ್ನು ಇದ್ದಿಲಲ್ಲಿ ಬರೆದಿದ್ದರು. ಅದನ್ನು ಅಲ್ಲಿಗೆ ತಂದೆ. ಕರಿ-ಬೂದಿ ಕಲ್ಲಿನ ಮುಂದೆ ಒಣಹುಲ್ಲಿನ ಬಣ್ಣದ್ದು ಅಂದುಕೊಂಡಿದ್ದ ತೊಟ್ಟು ಹಸಿರು ಬಿಟ್ಟುಕೊಂಡಿತು. ಬಾಗಿಲವಾಡದ ಅಷ್ಟು ಕುಸುರಿಯ ಕೆಳಗೆ ಈ ರಾಶಿಯೂ ಕೈಕೆಲಸದ್ದೇ ಅನ್ನುವುದು ಹೇಳದೆ ಗೊತ್ತಾಗುವಂತಾಯಿತು. ಕೆಂಪು ಚಿತ್ರದವರು ಮಾತ್ರ, "ನನ್ನ ಪೇಂಟಿಂಗ್ ತೊಟ್ಟಿಗಿಂತ ಕಡೀ ಆತೇನ್ರಿ?" ಅಂತ ಕೇಳಿದರು. ಬಾಗಿಲ ಎದುರಿನ ಗೋಡೆ ಕೊಟ್ಟ ಮೇಲೆ ತಣ್ಣಗಾದರು.

ಮರುದಿನ ಉದ್ಘಾಟನೆ. ದೀಪದ ಸಮೆ ಒಳಗೆ ಬೇಡ ಅಂತ ಹಟ ಹಿಡಿದು ವರಾಂಡದಲ್ಲೇ ದೀಪ ಹಚ್ಚಿಸಿದೆ. ಭಾಷಣ, ಶಾಲು, ಹಾರ, ಪೇಢೆ, ಎಲ್ಲ ನಿಮಗೆ ಗೊತ್ತಿದ್ದದ್ದೇ. ಯಾರೋ ಸೆಕೆ ಅಂತ ಫ್ಯಾನು ಹಾಕಿದರು. ರಾಶಿಯ ಧೂಳೆದ್ದು ಅತಿಥಿಗಳು ಸಮಕಾಲೀನ ಕಲೆಯ ಮಹತ್ವ ಹೇಳುತ್ತಲೇ ಸೀನತೊಡಗಿದರು. ಭಾಷಣ ಬೇಗ ಮುಗಿಯಿತು. ಕಲೆಯಿಂದ ಸಮಾಜಕ್ಕೆ ಉಪಯೋಗ ಇಲ್ಲ ಅನ್ನುವವರು ಅವತ್ತು ಇರಬೇಕಿತ್ತು.

ಹುಡುಗಿಯ ಅವ್ವನೂ ಬಂದಿದ್ದರು. ಅವರು ರಾಶಿಯ ಮುಂದೆ ನಿಂತು ಕಣ್ಣೀರು ಹಾಕುತ್ತಾರೆ ಅಂತ ಕ್ಯಾಮೆರಾದವನು ಕಾದಿದ್ದ. ಅವರು ಅದನ್ನು ಸುತ್ತುಹಾಕಿ ಸೀದಾ ಒಳಗಿನ ಮಬ್ಬು ಗೋಡೆಗೆ ಹೋದರು.

"ಸಮುದ್ರ ಅಲ್ರಿ ಇದು? ನಾ ನೋಡಿಲ್ಲ. ತೊಟ್ಟ ದಿನಾ ನೋಡತೀನಿ ತಗೋರಿ."

ಹಿರಿಯ ಸರ್ ಅಲ್ಲೇ ಇದ್ದರು. ತೆರೆಯ ನೊರೆಗೆ ಬಿಳಿ ಬಣ್ಣ ಹಚ್ಚಿಲ್ಲ, ಆ ಜಾಗ ಮುಟ್ಟದೆ ಬಿಟ್ಟದ್ದು, ಅಲ್ಲಿ ಕಾಣುವುದು ಬರೀ ಕಾಗದ ಅಂತ ಬೆರಳು ತೋರಿಸಿ ಹೇಳತೊಡಗಿದರು. ಆ ತಾಯಿ ಸೆರಗು ಬಾಯಿಗೆ ಹಿಡಿದು ಬಗ್ಗಿ ನೋಡಿದರು. ಅತಿಥಿಗಳು ಕರೆದರೂ ಸರ್ ತಿರುಗಲಿಲ್ಲ. ಕಡೆಗೆ ಆಕೆ ಚೌಕಟ್ಟಿನ ಮೇಲೆ ಕೈಯಾಡಿಸಿ ಇದಕ್ಕೆಷ್ಟಾಯಿತು ಅಂತ ನನ್ನನ್ನು ಕೇಳಿದರು. ಹೇಳಿದೆ.

"ಎವ್ವಾ, ಬರೇ ಕಟ್ಟಿಗಿಗೆ ಅಷ್ಟ?"

"ಅದನ್ನ ನಾನೂ ಕೇಳಬೇಕಂತಿದ್ದೆ. ಇನ್ನೂ ಕೊಟ್ಟಿಲ್ಲವ್ವಾ ನಾನು" ಅಂದರು ಸರ್. ನಿನ್ನೆಯಿಂದ ಮೊದಲ ಸಲ ನನ್ನ ಕಡೆ ನೋಡಿ ನಕ್ಕರು.